‘ಅಟಕ್ತಾ ಇದೆ’ ಅಂದರೆ ಎಲ್ಲಿ? ಆನ್‌ಲೈನ್ ಆಟ, ಬ್ರೌಸರ್ ಮತ್ತು ಹಳೆಯ ಲ್ಯಾಪ್‌ಟಾಪ್ ಕುರಿತ ಟಿಪ್ಪಣಿ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಮ್ಮ ನಾಲ್ಕು ಜನರ ಗುಂಪಿಗಾಗಿ ಬರೆದಿಟ್ಟದ್ದು ಇದು. ಹಾರ್ಡ್‌ವೇರ್ ಕೋರ್ಸಿನ ಪುಸ್ತಕ ಇಂಗ್ಲಿಷಿನಲ್ಲಿದೆ, ಕ್ಲಾಸಿನಲ್ಲಿ ಸರ್ ಹೇಳುವುದು ಅರ್ಧ ಹಿಂದಿ ಅರ್ಧ ಮರಾಠಿ. ಮನೆಗೆ ಬಂದು ಕನ್ನಡದಲ್ಲಿ ಬರೆದುಕೊಂಡರೇ ನನಗೆ ತಲೆಗೆ ಹತ್ತುವುದು. ಎರಡು ವಾರದಿಂದ ನಾವು ಬಿಚ್ಚಿ ನೋಡುತ್ತಿರುವುದು ನನ್ನ ಅಕ್ಕನ ಮಗನ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಬ್ರೌಸರಿನಲ್ಲಿ ಕಾರ್ ರೇಸ್ ಆಡುತ್ತಾನೆ, ಸೋಲುತ್ತಾನೆ, “ಮಾಮಾ, ಅಟಕ್ತಾ ಇದೆ” (ಸಿಕ್ಕಿಹಾಕಿಕೊಂಡು ನಿಲ್ಲುತ್ತಿದೆ) ಅನ್ನುತ್ತಾನೆ.

ಮುಂಬಯಿ ಕನ್ನಡದಲ್ಲಿ ಎಲ್ಲಕ್ಕೂ ಇದೇ ಒಂದು ಮಾತು. ಆದರೆ ಅಟಕುವುದರಲ್ಲಿ ಮೂರು ಬಗೆ ಇವೆ, ಮೂರಕ್ಕೂ ಮದ್ದು ಬೇರೆ. ಚಿತ್ರ ಮೊದಲಿನಿಂದ ಕೊನೆಯವರೆಗೆ ಕುಂಟುತ್ತಾ ಓಡಿದರೆ ಒಂದು ಕಾಯಿಲೆ. ಚೆನ್ನಾಗಿಯೇ ಓಡುತ್ತಿದ್ದು ನಡುವೆ ಅರ್ಧ ಸೆಕೆಂಡ್ ಕಲ್ಲಾಗಿ ನಿಂತರೆ ಇನ್ನೊಂದು. ನಮ್ಮ ಕಾರು ನುಣ್ಣಗೆ ಓಡುತ್ತಿದೆ, ಎದುರಾಳಿಯ ಕಾರು ಮಾತ್ರ ಇದ್ದಲ್ಲಿಂದ ಮಾಯವಾಗಿ ಹತ್ತು ಮಾರು ಮುಂದೆ ಕಾಣಿಸಿಕೊಳ್ಳುತ್ತದೆ ಅಂದರೆ ಅದು ಮೂರನೆಯದು. ಮೊದಲೆರಡು ಸಾಮಾನ್ಯವಾಗಿ ಯಂತ್ರದ ಒಳಗಿನವು, ಮೂರನೆಯದು ನೆಟ್‌ವರ್ಕಿನದು. ಇದನ್ನು ಬಿಡಿಸಿಕೊಳ್ಳದೆ ಅಕ್ಕ ಇಂಟರ್ನೆಟ್ಟಿನ 50 ಎಂಬಿಪಿಎಸ್ ಪ್ಲಾನನ್ನು 100ಕ್ಕೆ ಏರಿಸಿದಳು. ತಿಂಗಳ ಬಿಲ್ ಏರಿತು, ಕಾರು ಕುಂಟುವುದು ನಿಲ್ಲಲಿಲ್ಲ.

ಮೊದಲು ಕುಂಟುವ ಕಾಯಿಲೆ. ಇಲ್ಲಿ ಒಂದೇ ಲೆಕ್ಕ ಬಾಯಿಪಾಠ ಮಾಡಿದರೆ ಸಾಕು. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ತೋರಿಸುತ್ತದೆ. 1000 ಮಿಲಿಸೆಕೆಂಡನ್ನು 60ರಿಂದ ಭಾಗಿಸಿದರೆ ಒಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಆಟದ ಜಾವಾಸ್ಕ್ರಿಪ್ಟ್ (ಬ್ರೌಸರಿನಲ್ಲಿ ಓಡುವ ಪ್ರೋಗ್ರಾಂ) ಲೆಕ್ಕ ಹಾಕಬೇಕು, ಬ್ರೌಸರ್ ಅದನ್ನು ಜೋಡಿಸಬೇಕು, ಗ್ರಾಫಿಕ್ಸ್ ಚಿಪ್ ಬಿಡಿಸಬೇಕು. ಕೆಲಸಕ್ಕೆ 18 ಮಿಲಿಸೆಕೆಂಡ್ ಹಿಡಿದರೆ ಏನಾಗುತ್ತದೆ? 1.3 ಮಿಲಿಸೆಕೆಂಡ್ ತಡವಾಯಿತು, ಅಷ್ಟೇ ತಾನೆ ಅಂದುಕೊಂಡಿದ್ದೆ. ಅಲ್ಲ. 8.12ರ ಲೋಕಲ್ ರೈಲು ಎರಡು ಸೆಕೆಂಡಿನಲ್ಲಿ ತಪ್ಪಿದರೂ ಕಾಯಬೇಕಾದ್ದು ಮುಂದಿನ ಲೋಕಲ್ ಬರುವ ತನಕ. ಇಲ್ಲಿಯೂ ಹಾಗೆಯೇ, ಆ ಚಿತ್ರ ಮುಂದಿನ ಸರದಿಗೆ, ಅಂದರೆ 33.3ನೇ ಮಿಲಿಸೆಕೆಂಡಿಗೆ ಹೋಗಿ ಬೀಳುತ್ತದೆ. ಪ್ರತಿ ಚಿತ್ರವೂ ಹೀಗೆ ತಪ್ಪಿದರೆ 60 ಇದ್ದದ್ದು ನೇರ 30ಕ್ಕೆ ಇಳಿಯುತ್ತದೆ. ಇದರ ಇನ್ನೊಂದು ಮುಖವೇ ನಮಗೆ ಲಾಭದ್ದು: 18ರಿಂದ 16ಕ್ಕೆ ತಂದರೆ ಸಾಕು, ಆಟ ಎರಡರಷ್ಟು ನುಣುಪಾಗುತ್ತದೆ. ಹೊಸ ಯಂತ್ರ ಬೇಕಿಲ್ಲ, ಎರಡು ಮಿಲಿಸೆಕೆಂಡ್ ಉಳಿಸಿದರಾಯಿತು.

ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ನೋಡಿ ಮೋಸ ಹೋಗಬೇಡಿ. ಹತ್ತು ಸೆಕೆಂಡಿನಲ್ಲಿ ಒಂಬತ್ತೂವರೆ ಸೆಕೆಂಡ್ 60ರಲ್ಲಿ ಓಡಿ ಅರ್ಧ ಸೆಕೆಂಡ್ ಪೂರ್ತಿ ನಿಂತರೂ ಸರಾಸರಿ 57 ಬರುತ್ತದೆ. ಕಾಗದದ ಮೇಲೆ ಚೆಂದ, ಆದರೆ ಆ ಅರ್ಧ ಸೆಕೆಂಡಿನಲ್ಲೇ ಕಾರು ಗೋಡೆಗೆ ಹೊಡೆದಿರುತ್ತದೆ.

ಇನ್ನು ಬ್ರೌಸರ್. ಕ್ರೋಮ್ 2008ರಲ್ಲಿ ಬಂದಾಗಿನಿಂದಲೂ ಟ್ಯಾಬ್‌ಗಳನ್ನು ಬೇರೆಬೇರೆ ಪ್ರೋಸೆಸ್‌ಗಳಾಗಿ, ಅಂದರೆ ಒಂದಕ್ಕೊಂದು ಅಂಟದ ಪ್ರೋಗ್ರಾಂಗಳಾಗಿ, ಓಡಿಸುತ್ತದೆ. ಚಾಳಿನ ಖೋಲಿಗಳ (ಒಂದೇ ಕಟ್ಟಡದ ಸಾಲು ಕೋಣೆಗಳ) ಹಾಗೆ: ಒಂದು ಖೋಲಿಯಲ್ಲಿ ಜಗಳವಾದರೆ ಪಕ್ಕದ ಸಂಸಾರ ಮುರಿಯುವುದಿಲ್ಲ, ಆದರೆ ಪ್ರತಿ ಖೋಲಿಗೂ ಬೇರೆ ಒಲೆ, ಬೇರೆ ನೀರಿನ ಡ್ರಮ್ ಬೇಕು. ರ‍್ಯಾಮ್ ಖರ್ಚಾಗುವುದು ಅಲ್ಲಿ. 2018ರಲ್ಲಿ ಸುರಕ್ಷತೆಗಾಗಿ ಒಂದೇ ಟ್ಯಾಬಿನೊಳಗಿನ ಬೇರೆಬೇರೆ ಸೈಟ್‌ಗಳಿಗೂ ಗೋಡೆ ಕಟ್ಟಿದರು, ಖರ್ಚು ಇನ್ನಷ್ಟು ಏರಿತು.

ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಬ್ರೌಸರಿನದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸಿನದು ಬರೀ ಬ್ರೌಸರ್ ಇಷ್ಟು ತಿಂದಿತು ಅನ್ನುತ್ತದೆ, ಇದು ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ನಾವು ಸೇರಿಸಿಕೊಂಡ ಪುಟ್ಟ ತಂತ್ರಾಂಶ) ಎಷ್ಟು ತಿಂದಿತು ಅನ್ನುವುದನ್ನು ಬಿಡಿಸಿ ಹೇಳುತ್ತದೆ. ಹುಡುಗನ ಲ್ಯಾಪ್‌ಟಾಪಿನಲ್ಲಿ 17 ಟ್ಯಾಬ್ ತೆರೆದಿದ್ದವು. ಆಟಕ್ಕಿಂತ ಹೆಚ್ಚು ಸಿಪಿಯು ತಿನ್ನುತ್ತಿದ್ದದ್ದು ತಾನಾಗಿ ವಿಡಿಯೊ ಓಡಿಸುವ ಒಂದು ಸುದ್ದಿ ಪುಟ.

ಎಕ್ಸ್‌ಟೆನ್ಶನ್ ವಿಷಯ ನನಗೂ ಹೊಸದು. ಪುಟವನ್ನು ಓದುವ, ತಿದ್ದುವ ಎಕ್ಸ್‌ಟೆನ್ಶನ್‌ಗಳು ಇರುತ್ತವೆ: ಕೂಪನ್ ಹುಡುಕುವಂಥವು, ವ್ಯಾಕರಣ ತಿದ್ದುವಂಥವು. ಇವು ತಮ್ಮ ಒಂದು ಭಾಗವನ್ನು ನಾವು ತೆರೆದ ಪುಟದೊಳಗೇ ಇಳಿಸುತ್ತವೆ. ಆಟದ ಜಾವಾಸ್ಕ್ರಿಪ್ಟ್ ಓಡುವ ಮುಖ್ಯ ಥ್ರೆಡ್ (ಕೆಲಸಗಳು ಒಂದರ ಹಿಂದೊಂದು ನಡೆಯುವ ಸಾಲು) ಒಂದೇ, ಇವೂ ಅದೇ ಸಾಲಿನಲ್ಲಿ ನಿಲ್ಲುತ್ತವೆ. ಅಂದರೆ ಆ 16.7ರಲ್ಲಿ ಅವಕ್ಕೂ ಪಾಲು. ಒಂದೊಂದನ್ನೇ ಕಿತ್ತು ನೋಡುವುದಕ್ಕಿಂತ ಸುಲಭದ ದಾರಿ: ಬ್ರೌಸರಿನಲ್ಲಿ ಆಟಕ್ಕೆಂದೇ ಹೊಸ ಪ್ರೊಫೈಲ್ ಮಾಡಿ, ಅದರಲ್ಲಿ ಒಂದೂ ಎಕ್ಸ್‌ಟೆನ್ಶನ್ ಹಾಕಬೇಡಿ. ಆಡುವಾಗ ಹಳೆಯ ಪ್ರೊಫೈಲಿನ ಕಿಟಕಿಗಳನ್ನು ಮುಚ್ಚಿಬಿಡಿ. ಈ ಟಿಪ್ಪಣಿಯಲ್ಲಿ ಒಂದನ್ನೇ ಮಾಡುವಷ್ಟು ಪುರುಸೊತ್ತು ಇರುವವರು ಇದನ್ನು ಮಾಡಿ. 2022ರ ಕೊನೆಯಲ್ಲಿ ಕ್ರೋಮ್‌ಗೆ ಬಂದ ಮೆಮೊರಿ ಸೇವರ್ ಕೂಡ ಮುಟ್ಟದ ಟ್ಯಾಬ್‌ಗಳನ್ನು ಮಲಗಿಸುತ್ತದೆ, ಅದನ್ನೂ ಆನ್ ಮಾಡಿಡಿ.

ನಮಗೆ ಸಿಕ್ಕ ದೊಡ್ಡ ಕಳ್ಳ ಮಾತ್ರ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಅನ್ನುವಲ್ಲಿ ಗ್ರಾಫಿಕ್ಸ್ ಆಕ್ಸೆಲರೇಷನ್ ಬಳಸಬೇಕೇ ಅನ್ನುವ ಒಂದು ಸ್ವಿಚ್ ಇದೆ. ಅದು ಆಫ್ ಆಗಿತ್ತು. ಹಿಂದೊಮ್ಮೆ ವಿಡಿಯೊ ಹಸಿರಾಗಿ ಕಾಣುತ್ತಿದೆ ಅಂತ ಯಾರೋ ಹೇಳಿ ಆಫ್ ಮಾಡಿಸಿದ್ದರಂತೆ. ವಿಡಿಯೊ ಸರಿಹೋಯಿತು, ಸ್ವಿಚ್ಚಿನ ನೆನಪು ಎಲ್ಲರಿಗೂ ಹೋಯಿತು. ಈಗಿನ ಬ್ರೌಸರ್ ಆಟಗಳು ಹಳೆಯ ಫ್ಲ್ಯಾಶ್ ಆಟಗಳಲ್ಲ, ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ಕ್ಕೇ ತೆರೆಬಿತ್ತು. ಈಗ ಮೂರು ಆಯಾಮದ ಚಿತ್ರವೆಲ್ಲ ಹೆಚ್ಚಾಗಿ ವೆಬ್‌ಜಿಎಲ್ ಎಂಬ ದಾರಿಯ ಮೂಲಕ ಗ್ರಾಫಿಕ್ಸ್ ಚಿಪ್‌ಗೇ ಹೋಗುತ್ತದೆ. ಆ ಸ್ವಿಚ್ ಆಫ್ ಇದ್ದರೆ ಚಿಪ್ ಮಾಡಬೇಕಾದ ಕೆಲಸವನ್ನು ಸಿಪಿಯು ಏದುಸಿರು ಬಿಡುತ್ತಾ ಮಾಡುತ್ತದೆ. ಪರೀಕ್ಷಿಸಲು ವಿಳಾಸ ಬರೆಯುವ ಜಾಗದಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಜಿಪಿಯು ಎಂದು ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ ವೆಬ್‌ಜಿಎಲ್ ಎದುರು ‘ಹಾರ್ಡ್‌ವೇರ್ ಆಕ್ಸೆಲರೇಟೆಡ್’ ಎಂದಿರಬೇಕು. ‘ಸಾಫ್ಟ್‌ವೇರ್ ಓನ್ಲಿ’ ಎಂದಿದ್ದರೆ ಕಳ್ಳ ಸಿಕ್ಕಿದ. ನಾವು ಸ್ವಿಚ್ ಹಾಕಿದೆವು, ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ ಗ್ರಾಫಿಕ್ಸ್ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಹೊಸದು ಮಾಡಿದೆವು. ಹಸಿರು ವಿಡಿಯೊ ಮರಳಿ ಬರಲಿಲ್ಲ. ಹಸಿರಿಗೆ ಮೂಲ ಹಳೆಯ ಡ್ರೈವರ್ ಇರಬೇಕು.

ಆಮೇಲೆ ಪಿಕ್ಸೆಲ್ ಲೆಕ್ಕ. 1920×1080ರ ಚಿತ್ರದಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1280×720ರಲ್ಲಿ 9.2 ಲಕ್ಷ. ಆಟದ ಸೆಟ್ಟಿಂಗಿನಲ್ಲಿ ಇದನ್ನು ಇಳಿಸುವ ಅವಕಾಶವಿದ್ದರೆ ಚಿಪ್‌ನ ಹೊರೆ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಚಿತ್ರ ಸ್ವಲ್ಪ ಮಸುಕಾಗುತ್ತದೆ, ಕಾರು ಓಡುವಾಗ ಯಾರು ನೋಡುತ್ತಾರೆ?

ಎರಡನೆಯ ಬಗೆ, ಕಲ್ಲಾಗಿ ನಿಲ್ಲುವುದು, ಇಷ್ಟಕ್ಕೆ ಹೋಗಲಿಲ್ಲ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ಪಕ್ಕದಲ್ಲಿಟ್ಟು ಆಡಿಸಿದೆವು. ಆಟ ನಿಂತಾಗಲೆಲ್ಲ ಡಿಸ್ಕ್ 100 ಶೇಕಡಾ! ರ‍್ಯಾಮ್ ತುಂಬಿದಾಗ ವಿಂಡೋಸ್ ಅದರ ಒಂದಿಷ್ಟನ್ನು ಡಿಸ್ಕಿನ ಪೇಜ್ ಫೈಲಿಗೆ ಎತ್ತಿಡುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ತಿರುಗುವ ಹಾರ್ಡ್ ಡಿಸ್ಕಿನ ತಲೆ ಸರಿಯಾದ ಜಾಗ ಹುಡುಕಿಕೊಳ್ಳಲು 10 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಅದೇ ಕೆಲಸ ಸುಮಾರು 0.1 ಮಿಲಿಸೆಕೆಂಡ್. ಈಗ ಇದನ್ನು ನಮ್ಮ 16.7ರ ಪಕ್ಕ ಇಟ್ಟು ನೋಡಿ. ಹಾರ್ಡ್ ಡಿಸ್ಕಿಗೆ ಒಂದು ಸಲ ಹೋಗಿ ಬಂದರೆ ಒಂದು ಚಿತ್ರ ಹೋಯಿತು, ಐವತ್ತು ಸಲ ಹೋದರೆ ಅರ್ಧ ಸೆಕೆಂಡ್ ಹೋಯಿತು.

ಇದಕ್ಕೆ ಮಾತ್ರ ದುಡ್ಡು ಬಿಚ್ಚಲೇಬೇಕಾಯಿತು. ಒಂದು ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್. ಎರಡನೇ ಸ್ಲಾಟಿಗೆ ಅದೇ ಅಳತೆಯ, ಅದೇ ವೇಗದ ರ‍್ಯಾಮ್ ಹಾಕಿದರೆ ಜಾಗ ಹೆಚ್ಚುವುದಷ್ಟೇ ಅಲ್ಲ, ಎರಡೂ ಜೋಡಿಯಾಗಿ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ, ಕೆಲಸ ಮಾಡುತ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಚಿಪ್ ಇದೇ ರ‍್ಯಾಮನ್ನು ಕಡ ಪಡೆಯುವುದರಿಂದ ಆಟಕ್ಕೆ ಇದರ ಲಾಭ ನೇರವಾಗಿ ಸಿಗುತ್ತದೆ.

ಇಲ್ಲಿ ನನ್ನ ಪೆದ್ದುತನವನ್ನೂ ಬರೆದಿಡುತ್ತೇನೆ. ದಾದರಿನಲ್ಲಿ ಲೈನ್ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದವನು ಹಳೆಯ ರ‍್ಯಾಮನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಅಂಗಡಿಯವ “ಡಿಡಿಆರ್3 ಕಿ ಡಿಡಿಆರ್4?” ಅಂತ ರ‍್ಯಾಮಿನ ಪೀಳಿಗೆ ಕೇಳಿದ. ನಾನು ತಿಳಿದವನ ಹಾಗೆ ನಾಲ್ಕು ಅಂದೆ. ಮನೆಗೆ ಬಂದು ನೋಡಿದರೆ ಬೇಕಿದ್ದದ್ದು ಡಿಡಿಆರ್3ಎಲ್. ಎರಡರ ಕಚ್ಚು ಬೇರೆಬೇರೆ ಕಡೆ ಇರುತ್ತದೆ, ಒತ್ತಿದರೂ ಕೂರುವುದಿಲ್ಲ, ಒತ್ತಲೂ ಬಾರದು. ಮರುದಿನ ಮತ್ತೆ ಅದೇ ಪ್ರಯಾಣ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಅಭ್ಯಾಸದಂತೆ ಡಿಫ್ರಾಗ್ (ಡಿಸ್ಕಿನಲ್ಲಿ ಚದುರಿದ ಚೂರುಗಳನ್ನು ಜೋಡಿಸುವ) ತಂತ್ರಾಂಶ ಹಾಕಿ ಉಜ್ಜಬೇಡಿ, ಹುಡುಕುವ ತಲೆಯೇ ಇಲ್ಲದ ಕಡೆ ಜೋಡಿಸಿಡುವುದರಿಂದ ಲಾಭವಿಲ್ಲ, ಸುಮ್ಮನೆ ಸವೆತ.

ಬಿಸಿಯ ಬಗ್ಗೆ ಎರಡು ಮಾತು ಸಾಕು. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಂಟಿದರೆ ಅದು ಬಿಸಿ: ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ನಮ್ಮ ಊರಿನ ಮೇ ತಿಂಗಳು, ಸಾಲದ್ದಕ್ಕೆ ಹಾಸಿಗೆಯ ಮೇಲಿಟ್ಟು ಆಡುವ ಚಟ. ಗಾಳಿಕಂಡಿಯಿಂದ ತೆಗೆದ ಧೂಳು ಒಂದು ಮುಷ್ಟಿ ಇತ್ತು. ಚಾರ್ಜರ್ ಹಾಕಿಕೊಂಡೇ ಆಡಲಿ, ಬ್ಯಾಟರಿಯಲ್ಲಿ ಓಡುವಾಗ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಜಿಪುಣರಾಗುತ್ತವೆ.

ಇನ್ನು ಮೂರನೆಯದು, ನೆಟ್‌ವರ್ಕ್. ಅಕ್ಕ ಮಾಡಿದ ತಪ್ಪು ಇಲ್ಲಿ ಅರ್ಥವಾಗುತ್ತದೆ. 12 ಡಬ್ಬಿಯ ಲೋಕಲ್ಲಿಗೆ 15 ಡಬ್ಬಿ ಮಾಡಿದರೆ ಹೆಚ್ಚು ಜನ ಹಿಡಿಸುತ್ತಾರೆ, ಆದರೆ ಡೊಂಬಿವಲಿಯಿಂದ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ ಬೇಗ ತಲುಪುವುದಿಲ್ಲ. ಎಂಬಿಪಿಎಸ್ ಅಂದರೆ ಡಬ್ಬಿಗಳ ಲೆಕ್ಕ, ಪಿಂಗ್ ಅಂದರೆ ಹೋಗಿ ಬರುವ ಸಮಯ. ಆಡುವಾಗ ಓಡಾಡುವುದು ಕಾರು ಎಲ್ಲಿದೆ, ಯಾವ ಕಡೆ ತಿರುಗಿತು ಎಂಬಷ್ಟು ಪುಟ್ಟ ಸುದ್ದಿ, ಅದಕ್ಕೆ ಡಬ್ಬಿ ಹೆಚ್ಚು ಬೇಡ.

ಸಮಯಕ್ಕೆ ಒಂದು ಕೆಳಮಿತಿಯೂ ಇದೆ. ಗಾಜಿನ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಮುಂಬಯಿಯಿಂದ ಸಿಂಗಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 3,900 ಕಿ.ಮೀ., ಹೋಗಿ ಬರಲು 39 ಮಿಲಿಸೆಕೆಂಡ್. ಸಮುದ್ರದ ತಂತಿ ನೇರ ಹೋಗುವುದಿಲ್ಲ, ದಾರಿಯಲ್ಲಿ ರೂಟರ್‌ಗಳಿವೆ, ಹಾಗಾಗಿ ನಿಜದಲ್ಲಿ ಇನ್ನೂ ಹೆಚ್ಚು. ಯಾವ ಬೂಸ್ಟರ್ ತಂತ್ರಾಂಶವೂ ಬೆಳಕನ್ನು ದೂಡಿ ಓಡಿಸಲಾರದು. ಆಟದ ಸರ್ವರ್ ಪಟ್ಟಿಯಲ್ಲಿ ಮುಂಬಯಿ ಇದ್ದರೆ ಅದನ್ನೇ ಆರಿಸಿ. ನಮ್ಮ ಹುಡುಗ ಸಿಂಗಪುರದಲ್ಲಿ ಆಡುತ್ತಿದ್ದ, ಕಾರಣ ಕೇಳಿದರೆ “ಹೆಸರು ಚೆನ್ನಾಗಿದೆ” ಅಂದ.

ಪಿಂಗ್ ಪರೀಕ್ಷೆಯನ್ನು ಎರಡು ಕಿಟಕಿಯಲ್ಲಿ ಒಟ್ಟಿಗೆ ಮಾಡಬೇಕು. ಕಮಾಂಡ್ ಪ್ರಾಂಪ್ಟ್ ಎರಡು ಸಲ ತೆರೆದು, ಒಂದರಲ್ಲಿ ಮನೆಯ ರೂಟರಿಗೆ, ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಕೊಡಿ, ಕೊನೆಗೆ ಮೈನಸ್ ಟಿ ಹಾಕಿದರೆ ನಿಲ್ಲದೆ ಓಡುತ್ತದೆ. ರೂಟರಿನ ಅಂಕಿಯೇ ಕುಣಿಯುತ್ತಿದ್ದರೆ ತಪ್ಪು ಮನೆಯ ವೈಫೈಯದು, ಕಂಪನಿಗೆ ಫೋನ್ ಮಾಡಿ ಬೈಯಬೇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದೆ ಬಳಸಲು ಸಿಗುವುದು 1, 6, 11 ಎಂಬ ಮೂರೇ ಚಾನೆಲ್. ಒಂದು ಮಹಡಿಗೆ ನಾಲ್ಕು ಮನೆ, ಏಳು ಮಹಡಿಯ ಬಿಲ್ಡಿಂಗ್, ಮೂರು ಚಾನೆಲ್. ಲೆಕ್ಕ ನೀವೇ ಹಾಕಿ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಗೋಡೆ ದಾಟುವಾಗ ಸೊರಗುತ್ತದೆ. ನಾವು ಲ್ಯಾನ್ ಕೇಬಲ್ ಎಳೆದೆವು. ಕ್ಯಾಟ್ 5ಇ ಕೇಬಲ್ 100 ಮೀಟರಿನವರೆಗೆ ಗಿಗಾಬಿಟ್ ಒಯ್ಯುತ್ತದೆ, ನಮ್ಮದು 8 ಮೀಟರ್.

ಆದರೂ ರಾತ್ರಿ ಪಿಂಗ್ ಏರುತ್ತಿತ್ತು. ರೂಟರಿನದು ಸ್ಥಿರ, ಹೊರಗಿನದು 300 ಮಿಲಿಸೆಕೆಂಡ್ ದಾಟುತ್ತಿತ್ತು. ಕಾರಣ ಅಕ್ಕನ ಫೋನ್! ಮನೆಗೆ ಬಂದು ವೈಫೈ ಸಿಕ್ಕಿದೊಡನೆ ದಿನದ ಫೋಟೊಗಳನ್ನೆಲ್ಲ ಅದು ಮೇಲಕ್ಕೆ ಕಳಿಸಲು ತೊಡಗುತ್ತದೆ. ರೂಟರಿನೊಳಗೆ ಪ್ಯಾಕೆಟ್‌ಗಳು (ಸುದ್ದಿಯ ಪುಟ್ಟ ಕಟ್ಟುಗಳು) ಕಾಯುವ ಸಾಲು ಅತಿ ಉದ್ದವಾದರೆ ಆಟದ ಪುಟ್ಟ ಪ್ಯಾಕೆಟ್ ಫೋಟೊಗಳ ಹಿಂದೆ ನಿಲ್ಲಬೇಕು, ಸಂಜೆ ದಾದರ್ ಬ್ರಿಜ್ಜಿನ ಮೆಟ್ಟಿಲಲ್ಲಿ ಕೈಚೀಲ ಒಂದೇ ಇದ್ದವನೂ ಎಲ್ಲರ ಜೊತೆ ಹೆಜ್ಜೆ ಹಾಕುವ ಹಾಗೆ. ಇದನ್ನು ಬಫರ್‌ಬ್ಲೋಟ್ ಅನ್ನುತ್ತಾರೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಇದಕ್ಕೆ ಕೋಡೆಲ್ ಎಂಬ ವಿಧಾನ ಕೊಟ್ಟರು: ಸಾಲಿನ ಉದ್ದವನ್ನಲ್ಲ, ಸಾಲಿನಲ್ಲಿ ನಿಂತ ಸಮಯವನ್ನು ಅಳೆ. ರೂಟರಿನಲ್ಲಿ ಎಸ್‌ಕ್ಯೂಎಂ (ಈ ಸಾಲನ್ನು ಸಂಭಾಳಿಸುವ ಸೆಟ್ಟಿಂಗ್) ಇದ್ದರೆ ಆನ್ ಮಾಡಿ, ವೇಗದ ಮಿತಿಯನ್ನು ನಿಜವಾಗಿ ಸಿಗುವುದಕ್ಕಿಂತ ಸ್ವಲ್ಪ ಕೆಳಗೆ ಇಡಿ. ನಮ್ಮ ರೂಟರಿನಲ್ಲಿ ಇಲ್ಲ, ಹಾಗಾಗಿ ಆಡುವ ಹೊತ್ತಿನಲ್ಲಿ ಬ್ಯಾಕಪ್ ನಿಲ್ಲಿಸಲು ಅಕ್ಕನನ್ನು ಒಪ್ಪಿಸಿದ್ದೇವೆ.

ಬ್ರೌಸರ್ ಆಟಗಳಿಗೆ ಇನ್ನೊಂದು ತೊಡಕಿದೆ. ಹೆಚ್ಚಿನವು ಸರ್ವರಿನ ಜೊತೆ ಮಾತಾಡಲು ವೆಬ್‌ಸಾಕೆಟ್ ಬಳಸುತ್ತವೆ, ಅದು ಸಾಮಾನ್ಯವಾಗಿ ಟಿಸಿಪಿ ಎಂಬ ಸಾಗಣೆ ವಿಧಾನದ ಮೇಲೆ ನಡೆಯುತ್ತದೆ. ಟಿಸಿಪಿ ಶಿಸ್ತಿನ ಮನುಷ್ಯ: ನಡುವೆ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರುವವರೆಗೆ ಅದರ ಹಿಂದೆ ಬಂದವನ್ನೆಲ್ಲ ತಡೆದು ನಿಲ್ಲಿಸುತ್ತಾನೆ. ಎದುರಾಳಿಯ ಕಾರು ನಿಂತು, ಆಮೇಲೆ ಒಮ್ಮೆಲೇ ಧಾವಿಸುವುದು ಅದಕ್ಕೇ. ಬ್ರೌಸರಿನ ಹೊರಗೆ ಓಡುವ ವೇಗದ ಆಟಗಳಲ್ಲಿ ಹೆಚ್ಚಿನವು ಯುಡಿಪಿ ಎಂಬ ಇನ್ನೊಂದು ವಿಧಾನ ಬಳಸಿ ಕಳೆದದ್ದನ್ನು ಕಳೆದುಹೋಗಲು ಬಿಡುತ್ತವೆ.

ಮಾಡಬೇಡಿ ಎಂಬ ಪಟ್ಟಿ ಚಿಕ್ಕದು. ರ‍್ಯಾಮ್ ಕ್ಲೀನರ್ ಬೇಡ, ಅದು ಖಾಲಿ ಮಾಡಿದ್ದನ್ನು ಮತ್ತೆ ಡಿಸ್ಕಿನಿಂದ ತರಬೇಕಾಗುತ್ತದೆ. ದಿನವೂ ಕ್ಯಾಶೆ (ಬ್ರೌಸರ್ ಒಮ್ಮೆ ಇಳಿಸಿ ಇಟ್ಟುಕೊಂಡದ್ದು) ಅಳಿಸಬೇಡಿ, ಆಟದ ಚಿತ್ರಗಳೆಲ್ಲ ಮತ್ತೆ ಇಳಿಯಬೇಕು. ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದರೆ ವಿಳಾಸ ಹುಡುಕುವುದು ಚುರುಕಾಗಬಹುದು, ಸರ್ವರಿಗೆ ಸೇರಿದ ಮೇಲಿನ ಪಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ.

ಈಗ ಲ್ಯಾಪ್‌ಟಾಪ್ 60 ಬಿಟ್ಟು ಇಳಿಯುತ್ತಿಲ್ಲ, ರೂಟರ್ ಪಿಂಗ್ 1 ಮಿಲಿಸೆಕೆಂಡಿನಲ್ಲಿ ನಿಂತಿದೆ. ಆದರೂ ರಾತ್ರಿ ಒಂಬತ್ತೂವರೆಯಿಂದ ಹನ್ನೊಂದರವರೆಗೆ, ಅಕ್ಕನ ಫೋನ್ ಆಫ್ ಇದ್ದಾಗಲೂ, ಹೊರಗಿನ ಪಿಂಗ್ 20ರಿಂದ 70ಕ್ಕೆ ಹೋಗುತ್ತದೆ. ಅಂದರೆ ಸಾಲು ಈಗ ಮನೆಯ ಆಚೆ ಎಲ್ಲೋ ಇದೆ. ಬರುವ ಭಾನುವಾರಕ್ಕೆ ನಾಲ್ವರೂ ತಂತಮ್ಮ ಮನೆಯಲ್ಲಿ ಅದೇ ಹೊತ್ತಿಗೆ ಟ್ರೇಸ್‌ರೂಟ್ (ದಾರಿಯ ಒಂದೊಂದು ರೂಟರಿಗೂ ಹಿಡಿಯುವ ಸಮಯ ತೋರಿಸುವ ಕಮಾಂಡ್) ಓಡಿಸಿ, ಯಾವ ಹೆಜ್ಜೆಯಲ್ಲಿ ಅಂಕಿ ಜಿಗಿದು ಕೊನೆಯವರೆಗೂ ಹಾಗೇ ಉಳಿಯುತ್ತದೆ ಎಂದು ಬರೆದು ತನ್ನಿ. ನಡುವಿನ ಒಂದೇ ಹೆಜ್ಜೆ ಜಿಗಿದು ಮುಂದಿನದು ಇಳಿದರೆ ಅದನ್ನು ಬಿಟ್ಟುಬಿಡಿ, ಆ ರೂಟರ್ ನಮ್ಮ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಿತು ಅಷ್ಟೇ.