ಇದ್ದಿಲಾದ ಸುರುಳಿಯೊಳಗೆ ಸುಖದ ಪ್ರಶ್ನೆ

ಎಪಿಕ್ಯುರಸ್ ಅಂದರೆ ತಿಂದುಂಡು ಮಜಾ ಮಾಡಿ ಅಂತ ಹೇಳಿಕೊಟ್ಟವನು ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ಇದು ಅವನಿಗಾದ ದೊಡ್ಡ ಅನ್ಯಾಯ. ಈ ಗ್ರೀಕ್ ತತ್ವಜ್ಞಾನಿಗೆ ರೊಟ್ಟಿ, ನೀರು ಇದ್ದರೆ ಸಾಕಿತ್ತು. ಒಂದು ಕುಡಿಕೆ ಚೀಸ್ ಕಳಿಸು, ಬೇಕೆನಿಸಿದಾಗ ಹಬ್ಬದೂಟ ಮಾಡುತ್ತೇನೆ ಅಂತ ಗೆಳೆಯನಿಗೆ ಪತ್ರ ಬರೆದವನು ಅವನು. ಕ್ರಿ.ಪೂ. 341ರಲ್ಲಿ ಸಾಮೋಸ್ ದ್ವೀಪದಲ್ಲಿ ಹುಟ್ಟಿದ. ಮೂವತ್ತೈದರ ಆಸುಪಾಸಿನಲ್ಲಿ ಅಥೆನ್ಸಿಗೆ ಬಂದು, ಒಂದು ತೋಟ ಕೊಂಡು, ಅಲ್ಲೇ ಪಾಠ ಶುರುಮಾಡಿದ. ಆ ತೋಟಕ್ಕೆ ಹೆಂಗಸರೂ ಬರಬಹುದಿತ್ತು, ಗುಲಾಮರೂ ಬರಬಹುದಿತ್ತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಅವನ ಪ್ರಕಾರ ಸುಖ ಅಂದರೆ ಮೈಯಲ್ಲಿ ನೋವಿಲ್ಲದಿರುವುದು, ಮನಸ್ಸಿನಲ್ಲಿ ಕಳವಳವಿಲ್ಲದಿರುವುದು. ಅಷ್ಟೇ. ಹಸಿವು ಬಾಯಾರಿಕೆ ತೀರಲೇಬೇಕು, ಆದರೆ ಅದು ಸುಲಭವಾಗಿ ತೀರುತ್ತದೆ. ರುಚಿರುಚಿಯಾದ ಊಟ ಸಿಕ್ಕರೆ ಸಂತೋಷ, ಸಿಗದಿದ್ದರೆ ನಷ್ಟವಿಲ್ಲ. ಕೀರ್ತಿ, ಅಧಿಕಾರದ ಆಸೆಗೆ ಮಾತ್ರ ಕೊನೆಯೇ ಇಲ್ಲ, ಅದನ್ನು ಬಿಡಿ ಅಂದ. ನ್ಯಾಯದ ಬಗ್ಗೆಯೂ ಅವನ ಮಾತು ಇಷ್ಟೇ ನೇರ: ನಾನು ನಿನಗೆ ಕೇಡು ಮಾಡುವುದಿಲ್ಲ, ನೀನು ನನಗೆ ಮಾಡಬೇಡ ಅನ್ನುವ ಒಪ್ಪಂದವೇ ನ್ಯಾಯ.

ಕಳವಳ ಬರುವುದು ಎಲ್ಲಿಂದ? ಬಹುಪಾಲು ಎರಡು ಭಯಗಳಿಂದ, ದೇವರ ಭಯ ಮತ್ತು ಸಾವಿನ ಭಯ. ಇಲ್ಲೇ ಅವನ ವಿಜ್ಞಾನ ಬರುತ್ತದೆ. ಜಗತ್ತೆಲ್ಲ ಅಣುಗಳು ಮತ್ತು ಖಾಲಿ ಜಾಗ ಅನ್ನುವ ವಿಚಾರವನ್ನು ತನಗಿಂತ ಹಿಂದಿನ ಗ್ರೀಕ್ ಚಿಂತಕ ಡೆಮಾಕ್ರಿಟಸ್ ಕಡೆಯಿಂದ ತೆಗೆದುಕೊಂಡ. ಗುಡುಗು ಯಾಕೆ ಬರುತ್ತದೆ ಅನ್ನುವುದಕ್ಕೆ ಒಂದಲ್ಲ, ನಾಲ್ಕಾರು ಕಾರಣ ಕೊಟ್ಟ. ಮೋಡದೊಳಗೆ ಗಾಳಿ ಸುತ್ತುವುದಿರಬಹುದು, ಮೋಡಗಳು ಉಜ್ಜಿ ಸೀಳುವುದಿರಬಹುದು, ಯಾವುದಾದರೂ ಆಗಲಿ, ಅದು ಸ್ಯೂಸ್ ದೇವರ ಸಿಟ್ಟಲ್ಲ ಅಂತ ಗೊತ್ತಾದರೆ ಸಾಕು, ಮನುಷ್ಯ ನೆಮ್ಮದಿಯಾಗಿ ಮಲಗಬಹುದು. ಆಕಾಶದ ಭಯ, ಸಾವಿನ ಭಯ ಇಲ್ಲದಿದ್ದರೆ ನಮಗೆ ಪ್ರಕೃತಿಯ ಅಧ್ಯಯನವೇ ಬೇಕಿರಲಿಲ್ಲ ಎನ್ನುವಷ್ಟು ದೂರ ಹೋದ. ಈ ಮಾತನ್ನು ನಾನು ಒಪ್ಪುವುದಿಲ್ಲ. ಭಯ ಇಲ್ಲದಿದ್ದರೂ ಮನುಷ್ಯನಿಗೆ ಕುತೂಹಲ ಇರುತ್ತದೆ, ಅಲ್ವಾ?

ಹಾಗಂತ ಅವನು ದೇವರಿಲ್ಲ ಅನ್ನಲಿಲ್ಲ. ದೇವರುಗಳಿದ್ದಾರೆ, ಪೂರ್ಣ ಸುಖವಾಗಿದ್ದಾರೆ, ಅದಕ್ಕೇ ಅವರಿಗೆ ನಮ್ಮ ಮೇಲೆ ಸಿಟ್ಟೂ ಇಲ್ಲ, ನಮ್ಮಿಂದ ಏನೂ ಬೇಕಾಗಿಯೂ ಇಲ್ಲ ಅಂದ. ಕೆಡುಕನ್ನು ತಡೆಯಲು ದೇವರಿಗೆ ಶಕ್ತಿ ಇಲ್ಲವೋ ಮನಸ್ಸಿಲ್ಲವೋ ಅನ್ನುವ ಪ್ರಶ್ನೆ ಅವನ ಹೆಸರಲ್ಲಿ ಎಲ್ಲೆಡೆ ಓಡಾಡುತ್ತದೆ. ಆದರೆ ಉಳಿದಿರುವ ಅವನ ಬರಹದಲ್ಲಿ ಅದಿಲ್ಲ. ಅವನು ಸತ್ತು ಸುಮಾರು 600 ವರ್ಷದ ಮೇಲೆ ಲ್ಯಾಕ್ಟಾಂಟಿಯಸ್ ಎಂಬ ಕ್ರೈಸ್ತ ಲೇಖಕ ಅದನ್ನು ಅವನದೆಂದು ಬರೆದ.

ಸಾವಿನ ಬಗ್ಗೆ ಅವನ ವಾದ ಪ್ರಸಿದ್ಧ. ನಾವಿರುವಾಗ ಸಾವು ಬಂದಿಲ್ಲ, ಸಾವು ಬಂದಾಗ ನಾವಿಲ್ಲ, ಹಾಗಾದರೆ ಹೆದರುವುದು ಯಾವುದಕ್ಕೆ? ನನ್ನ ಸಾವಿಗೆ ಇದು ಗಟ್ಟಿ ಸಮಾಧಾನವೇ. ಆದರೆ ಮಗುವನ್ನು ಕಳೆದುಕೊಂಡ ತಾಯಿಗೆ ಈ ವಾದದಿಂದ ಏನೂ ಸಿಗುವುದಿಲ್ಲ. ಆ ನೋವು ಇರುವುದೇ ಬದುಕುಳಿದವರಿಗೆ. ಅವನ ತತ್ವದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು.

ಅವನು ಸುಮಾರು 300 ಸುರುಳಿ ಬರೆದಿದ್ದನಂತೆ, ಆಗಿನ ಪುಸ್ತಕ ಅಂದರೆ ಸುತ್ತಿಟ್ಟ ಹಾಳೆಯ ಸುರುಳಿ. ಪೂರ್ತಿಯಾಗಿ ಉಳಿದದ್ದು ಮೂರು ಪತ್ರ ಮತ್ತು ಒಂದಿಷ್ಟು ಸೂಕ್ತಿಗಳು. ಹಾಗಾಗಿ ಅವನನ್ನು ಲೋಕ ಬಹುಕಾಲ ತಿಳಿದದ್ದು ಹೆಚ್ಚಾಗಿ ಎದುರಾಳಿಗಳ ಬಾಯಿಂದ. ನಮ್ಮ ಚಾರ್ವಾಕರ ಕಥೆಯೂ ಇದೇ. ಸಾಲ ಮಾಡಿಯಾದರೂ ತುಪ್ಪ ತಿನ್ನು ಅಂತ ಅವರು ಹೇಳಿದರು ಎನ್ನುವುದೂ ಅವರನ್ನು ಒಪ್ಪದವರ ಪುಸ್ತಕಗಳಿಂದ ಬಂದ ಮಾತು.

ಆದರೆ ಎಪಿಕ್ಯುರಸ್‌ನ ಕಡೆಯವರ ಮಾತು ಈಗ ನೆಲದಡಿಯಿಂದ ಬರುತ್ತಿದೆ. ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಮ್ ಊರಿನ ಒಂದು ಶ್ರೀಮಂತ ಮನೆ ಪುಸ್ತಕಗಳ ಸಮೇತ ಹೂತುಹೋಯಿತು. 1750ರ ದಶಕದಲ್ಲಿ ಅಗೆದಾಗ ತುಂಡುಗಳೂ ಸೇರಿ ಸುಮಾರು 1,800 ಪಪೈರಸ್ ಸುರುಳಿಗಳು ಸಿಕ್ಕವು. ಎಲ್ಲ ಸುಟ್ಟು ಇದ್ದಿಲು. ಬಿಚ್ಚಲು ಹೋದರೆ ಪುಡಿಪುಡಿ. ಓದಲು ಸಿಕ್ಕವುಗಳಲ್ಲಿ ಹೆಚ್ಚಿನವು ಎಪಿಕ್ಯುರಸ್ ಪಂಥದ ಫಿಲೊಡೆಮಸ್ ಬರೆದವು.

ಈಗ ಸುರುಳಿಯನ್ನು ಬಿಚ್ಚುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಎಕ್ಸ್-ರೇ ಹುಟ್ಟಿಸುವ ದೊಡ್ಡ ಯಂತ್ರವಾದ ಡೈಮಂಡ್ ಸಿಂಕ್ರೊಟ್ರಾನ್‌ನಲ್ಲಿ ಬಲವಾದ ಎಕ್ಸ್-ರೇ ಹಾಯಿಸಿ ಅದರ ಮೂರು ಆಯಾಮದ ಚಿತ್ರ ತೆಗೆಯುತ್ತಾರೆ. ನಂತರ ಕಂಪ್ಯೂಟರಿನಲ್ಲೇ ಪದರ ಪದರ ಬಿಡಿಸಿ ಚಪ್ಪಟೆ ಮಾಡುತ್ತಾರೆ. ತೊಂದರೆ ಏನೆಂದರೆ ಶಾಯಿಯೂ ಇಂಗಾಲ, ಸುಟ್ಟ ಹಾಳೆಯೂ ಇಂಗಾಲ. ಎಕ್ಸ್-ರೇಗೆ ಎರಡೂ ಹೆಚ್ಚುಕಮ್ಮಿ ಒಂದೇ. ಆದರೆ ಶಾಯಿ ಬಿದ್ದ ಕಡೆ ಮೇಲ್ಮೈಯಲ್ಲಿ ಒಣಗಿದ ಕೆರೆಯ ಮಣ್ಣಿನಂಥ ಸಣ್ಣ ಬಿರುಕುಗಳಿರುತ್ತವೆ. ಅಂಥ ಗುರುತು ಹಿಡಿಯಲು ಕಂಪ್ಯೂಟರಿಗೆ ತರಬೇತಿ ಕೊಟ್ಟರು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ವರ್ಷಗಟ್ಟಲೆ ಈ ದಾರಿ ಕಟ್ಟಿದವರು. 2023ರಲ್ಲಿ ಈ ಸುರುಳಿಗಳನ್ನು ಓದಲೆಂದು ವೆಸೂವಿಯಸ್ ಚಾಲೆಂಜ್ ಅನ್ನುವ ಸ್ಪರ್ಧೆ ಶುರುವಾಯಿತು. 2024ರ ಫೆಬ್ರವರಿಯಲ್ಲಿ 7 ಲಕ್ಷ ಡಾಲರ್ ಬಹುಮಾನ ಮೂವರು ಯುವಕರ ತಂಡಕ್ಕೆ ಹೋಯಿತು. ಅವರು ಓದಿಕೊಟ್ಟದ್ದು 2,000ಕ್ಕೂ ಹೆಚ್ಚು ಅಕ್ಷರ.

ಆ ಸಾಲುಗಳಲ್ಲಿ ಇದ್ದದ್ದು ಸಂಗೀತ, ಊಟ ಮತ್ತು ಸುಖದ ಮಾತು. ಬಹುಶಃ ಫಿಲೊಡೆಮಸ್ಸನದೇ. ಅಪರೂಪಕ್ಕೆ ಸಿಗುವ ತಿನಿಸು ಧಾರಾಳವಾಗಿ ಸಿಗುವ ತಿನಿಸಿಗಿಂತ ಹೆಚ್ಚು ಸುಖ ಕೊಡುತ್ತದೆ ಅಂತ ನಾವು ಥಟ್ಟನೆ ನಂಬುವುದಿಲ್ಲ, ಅನ್ನುತ್ತಾನೆ ಅವನು. ಒಂದು ಕುಡಿಕೆ ಚೀಸನ್ನು ಹಬ್ಬದೂಟ ಎಂದವನ ಶಿಷ್ಯಪರಂಪರೆ ಕೇಳಲೇಬೇಕಾದ ಪ್ರಶ್ನೆ ಇದು. 2025ರಲ್ಲಿ ಆಕ್ಸ್‌ಫರ್ಡಿನಲ್ಲಿರುವ ಇನ್ನೊಂದು ಸುರುಳಿಯ ಶೀರ್ಷಿಕೆಯೂ ಓದಲು ಬಂತು. ಅದು ಫಿಲೊಡೆಮಸ್ ದುರ್ಗುಣಗಳ ಬಗ್ಗೆ ಬರೆದದ್ದು. ಇನ್ನೂ ನೂರಾರು ಸುರುಳಿಗಳು ಹಾಗೇ ಮುಚ್ಚಿಕೊಂಡಿವೆ, ಆ ಮನೆಯನ್ನೂ ಪೂರ್ತಿ ಅಗೆದಿಲ್ಲ. ಪ್ರಕೃತಿಯ ಬಗ್ಗೆ ಎಪಿಕ್ಯುರಸ್ ಬರೆದ 37 ಭಾಗಗಳ ಕೃತಿಯ ಚೂರುಗಳು ಸಿಕ್ಕಿರುವುದೂ ಅಲ್ಲಿಯೇ. ಅದರ ಉಳಿದ ಭಾಗಗಳು ಸಿಗಲಿ ಅಂತ ನಾನು ಕಾಯುತ್ತಿದ್ದೇನೆ.