ವಿಪಿಎನ್ ಕನೆಕ್ಟ್ ಆಗಿದೆ, ಪೇಜ್ ಮಾತ್ರ ತೆರೆಯುತ್ತಿಲ್ಲ

ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಕನೆಕ್ಟ್ ಆಗಿದೆ. ಸರ್ವರ್ ಸಿಗುತ್ತಿದೆಯೇ ಎಂದು ನೋಡುವ ಪಿಂಗ್‌ಗೆ ಉತ್ತರ ಬರುತ್ತಿದೆ. ದೂರದ ಸರ್ವರ್‌ಗೆ ಕಮಾಂಡ್ ಕೊಡುವ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಕೂಡ ಆಗುತ್ತದೆ. ಆದರೆ ಫೈಲುಗಳ ಉದ್ದ ಪಟ್ಟಿ ಕೇಳಿದ ಕೂಡಲೇ ಸ್ಕ್ರೀನ್ ಹಾಗೇ ನಿಂತುಬಿಡುತ್ತದೆ. ಮನೆಯಿಂದ ಕೆಲಸ ಮಾಡುವವರು ಈ ದೂರು ಹೇಳಿದರೆ ನಾನು ಮೊದಲು ನೋಡುವುದು ಪ್ಯಾಕೆಟ್, ಅಂದರೆ ಡೇಟಾ ಹೋಗುವ ತುಂಡುಗಳ ಗಾತ್ರ. ಚಿಕ್ಕವು ದಾಟುತ್ತಿವೆ, ದೊಡ್ಡವು ದಾರಿಯಲ್ಲೇ ಕಳೆದುಹೋಗುತ್ತಿವೆ.

ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್ ತನಕ ಇರಬಹುದು. ಇದೇ ಎಂಟಿಯು. ಮನೆಯ ಫೈಬರ್ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಕನೆಕ್ಟ್ ಆಗುವ ವಿಧಾನ) ಮೇಲೆ ನಡೆಯುತ್ತಿದ್ದರೆ ಅದಕ್ಕೆ 8 ಬೈಟ್ ಹೋಗಿ 1492 ಉಳಿಯುತ್ತದೆ. ಇನ್ನು ವೈರ್‌ಗಾರ್ಡ್ ಎಂಬ ವಿಪಿಎನ್ ಪ್ರತಿ ಪ್ಯಾಕೆಟ್‌ಗೆ ಅಂಟಿಸುವ ಹೆಡರ್‌ಗಳಿಗೆ (ವಿಳಾಸ ಮುಂತಾದ ವಿವರ) ಹಳೆಯ ವಿಳಾಸ ಪದ್ಧತಿ ಐಪಿವಿ4 ಮೇಲೆ 60, ಹೊಸದಾದ ಐಪಿವಿ6 ಮೇಲೆ 80 ಬೈಟ್ ಬೇಕು. ಲ್ಯಾಪ್‌ಟಾಪ್‌ಗೆ ಕಾಣುವುದು ವೈಫೈನ 1500 ಮಾತ್ರ. ಅದರಲ್ಲಿ 80 ಕಳೆದು ವಿಪಿಎನ್‌ನ ಎಂಟಿಯು 1420 ಇಟ್ಟುಕೊಳ್ಳುತ್ತದೆ. ಐಪಿವಿ4 ಆದರೆ ತೊಂದರೆಯಿಲ್ಲ, 60 ಸೇರಿ ಆಗುವ 1480 ಆರಾಮಾಗಿ ದಾಟುತ್ತದೆ. ಐಪಿವಿ6ನಲ್ಲಿ 80 ಸೇರಿ ಮತ್ತೆ 1500 ಆಗುತ್ತದೆ, 1492ರ ದಾರಿಯಲ್ಲಿ ಹಿಡಿಸುವುದಿಲ್ಲ. ಅಲ್ಲಿ 1412 ಇಡಬೇಕು.

ಇಂಥ ಹೊತ್ತಲ್ಲಿ ದಾರಿಯ ರೂಟರ್ "ಇದು ದೊಡ್ಡದಾಯ್ತು, ಚಿಕ್ಕದು ಕಳಿಸು" ಅಂತ ಐಸಿಎಂಪಿ (ನೆಟ್‌ವರ್ಕ್‌ನ ತೊಂದರೆ ತಿಳಿಸುವ ವ್ಯವಸ್ಥೆ) ಸಂದೇಶ ಕಳಿಸುತ್ತದೆ. ಐಪಿವಿ4ಗೆ ಈ ಏರ್ಪಾಡು 1990ರ ಆರ್‌ಎಫ್‌ಸಿ 1191 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲೇ ಇದೆ. ಆದರೆ ಭದ್ರತೆಯ ಹೆಸರಲ್ಲಿ ಎಷ್ಟೋ ಕಡೆ ಫೈರ್‌ವಾಲ್‌ನಲ್ಲಿ ಐಸಿಎಂಪಿ ಪೂರ್ತಿ ಬಂದ್ ಮಾಡಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೊಡ್ಡದಾಯ್ತು ಅನ್ನುವ ಆ ಸಂದೇಶ, ಅಂದರೆ ಐಪಿವಿ4ನಲ್ಲಿ ಟೈಪ್ 3 ಕೋಡ್ 4, ಐಪಿವಿ6ನಲ್ಲಿ ಟೈಪ್ 2, ಇಷ್ಟನ್ನಾದರೂ ಬಿಡಲೇಬೇಕು. ಇಲ್ಲದಿದ್ದರೆ ಕಳಿಸುವವನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅದೇ ಗಾತ್ರದ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತಾನೆ.

ಸುಮ್ನೆ ಊಹೆ ಮಾಡಿ ನಂಬರ್ ಬದಲಿಸುವುದಕ್ಕಿಂತ ಅಳೆದು ನೋಡಿ. ವಿಪಿಎನ್ ಆಫ್ ಮಾಡಿ, ಸರ್ವರ್‌ನ ಹೊರಗಿನ ಐಪಿವಿ4 ವಿಳಾಸಕ್ಕೆ ಪಿಂಗ್ ಕೊಡಿ. ಪ್ಯಾಕೆಟ್ ತುಂಡು ಮಾಡಬಾರದು ಎಂಬ ಆಯ್ಕೆ ಹಾಕಿರಬೇಕು. ವಿಂಡೋಸ್‌ನಲ್ಲಿ ಅದು ಮೈನಸ್ ಎಫ್, ಗಾತ್ರಕ್ಕೆ ಮೈನಸ್ ಎಲ್. 1472 ಕೊಟ್ಟರೆ ಹೆಡರ್‌ಗಳ 28 ಸೇರಿ 1500 ಆಗುತ್ತದೆ. ಅದು ಹೋಗದೆ 1464 ಹೋದರೆ ನಿಮ್ಮ ದಾರಿ 1492ರದ್ದು. ಅದರಲ್ಲಿ ವಿಪಿಎನ್ ಹೆಡರ್ ಕಳೆದು ಬಂದ ಸಂಖ್ಯೆಯನ್ನು ವಿಪಿಎನ್‌ನ ಎಂಟಿಯು ಎಂದು ಎರಡೂ ತುದಿಯಲ್ಲಿ ಹಾಕಿ.

ಎಲ್ಲರ ಲ್ಯಾಪ್‌ಟಾಪ್ ಮುಟ್ಟಲು ಆಗಲ್ಲ ಅಲ್ವಾ? ಆಗ ಎಲ್ಲರ ವಿಪಿಎನ್ ಹಾದುಹೋಗುವ ಗೇಟ್‌ವೇಯಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಆನ್ ಮಾಡಿ. ಎಂಎಸ್‌ಎಸ್ ಅಂದರೆ ಹೆಡರ್ ಬಿಟ್ಟು ಒಂದು ಪ್ಯಾಕೆಟ್‌ನಲ್ಲಿ ಹೋಗುವ ಡೇಟಾದ ಮಿತಿ, ಕ್ಲ್ಯಾಂಪಿಂಗ್ ಅದನ್ನು ತಗ್ಗಿಸುತ್ತದೆ. ಐಪಿವಿ4ನಲ್ಲಿ ಎಂಎಸ್‌ಎಸ್ ವಿಪಿಎನ್‌ನ ಎಂಟಿಯುಗಿಂತ 40 ಕಡಿಮೆ ಇರಬೇಕು. ಇದು ಎಸ್‌ಎಸ್‌ಎಚ್‌ನಂಥವು ಬಳಸುವ ಟಿಸಿಪಿಗೆ ಮಾತ್ರ ಕೆಲಸ ಮಾಡುತ್ತದೆ. ಯುಡಿಪಿ ಎಂಬ ಬೇರೆ ವಿಧಾನದಲ್ಲಿ ಹೋಗುವ ವಿಡಿಯೋ ಕಾಲ್‌ಗೆ ಇದರಿಂದ ಏನೂ ಆಗುವುದಿಲ್ಲ.

ಹಳೆಯ ಓಪನ್‌ವಿಪಿಎನ್ ಬಳಸುವವರಿಗೆ ಇನ್ನೊಂದು ಮಾತು. ಈ ಕಡೆ ಲಿಂಕ್ ಎಂಟಿಯು (ವಿಪಿಎನ್ ಹೆಡರ್‌ಗಳೂ ಸೇರಿದ ಗಾತ್ರ) 1541, ಆ ಕಡೆ 1542 ಅಂತ ಲಾಗ್‌ನಲ್ಲಿ ಎಚ್ಚರಿಕೆ ಬಂದರೆ ಜಾಸ್ತಿ ಜನ ನೇರವಾಗಿ ಎಂಟಿಯು ಬದಲಿಸಲು ಹೋಗುತ್ತಾರೆ. ಆ ಒಂದು ಬೈಟ್ ಬರುವುದು ಸಾಮಾನ್ಯವಾಗಿ ಒಂದು ಕಡೆ ಮಾತ್ರ ಕಂಪ್ರೆಷನ್ (ಡೇಟಾ ಕುಗ್ಗಿಸುವುದು) ಆನ್ ಇರುವುದರಿಂದ. ಎರಡು ಕಾನ್ಫಿಗ್ ಫೈಲುಗಳನ್ನೂ ಪಕ್ಕಪಕ್ಕ ತೆರೆದು ಕಂಪ್ರೆಷನ್‌ನ ಸಾಲನ್ನು ಮೊದಲು ನೋಡಿ.