ಪಾಕ ಬಂದರೆ ಗಾಜು ಅರ್ಥವಾಗುತ್ತದೆ

ಗಾಜಿನ ಶಿಲ್ಪದ ಪಾಠ ಇರುವ ದಿನ ನಾನು ನಾಲ್ಕನೇ ಕ್ಲಾಸಿಗೆ ಬಣ್ಣದ ಡಬ್ಬಿ ಒಯ್ಯುವುದಿಲ್ಲ. ಒಂದು ಅಚ್ಚು ಬೆಲ್ಲ, ಸಣ್ಣ ಬಾಣಲೆ, ಇಂಡಕ್ಷನ್ ಒಲೆ, ತುಪ್ಪ ಸವರಿದ ಸ್ಟೀಲ್ ತಟ್ಟೆ, ಇಷ್ಟೇ. ಮಕ್ಕಳನ್ನು ದೂರ ಕೂರಿಸಿ ಪಾಕ ತೆಗೆಯುತ್ತೇನೆ. ಮೊದಲು ನೀರಿನ ಹಾಗಿರುತ್ತದೆ. ಆಮೇಲೆ ಎಳೆ ಬರುತ್ತದೆ. ಇನ್ನೂ ಕಾದ ಮೇಲೆ ತಣ್ಣೀರಿಗೆ ಒಂದು ಹನಿ ಬಿಟ್ಟು, ಗಟ್ಟಿಯಾದದ್ದನ್ನು ತಟ್ಟೆಗೆ ಬಡಿದರೆ ಟಣ್ ಅನ್ನುತ್ತದೆ. ಮನೆಯಲ್ಲಿ ಚಿಕ್ಕಿ ಮಾಡುವುದನ್ನು ನೋಡಿದ ಮಕ್ಕಳು ಅಷ್ಟರಲ್ಲೇ "ಆತ್ರಿ ಟೀಚರ್, ಇಳಸ್ರಿ" ಎಂದು ಕೂಗುತ್ತಾರೆ.

ತಟ್ಟೆಗೆ ಸುರಿದ ಪಾಕವನ್ನು ಬಿಸಿ ಇರುವಾಗಲೇ ಚಮಚದಿಂದ ಎತ್ತುತ್ತೇನೆ. ಅದು ಜೋತು ಬಿದ್ದು ಉದ್ದವಾಗುತ್ತದೆ, ಬಾಗುತ್ತದೆ. ಐದು ನಿಮಿಷ ಬಿಟ್ಟು ಅದೇ ಎಳೆಯನ್ನು ಬಗ್ಗಿಸಿದರೆ ಪಟ್ ಎಂದು ಮುರಿಯುತ್ತದೆ. ಮುರಿದ ತುದಿ ಥೇಟ್ ಒಡೆದ ಬಳೆಯ ತುದಿ. ಗಾಜಿನ ಗುಣವೂ ಇದೇ. ಮಂಜುಗಡ್ಡೆಯ ಹಾಗೆ ಅದು ಒಂದೇ ಸಲಕ್ಕೆ ಕರಗಿ ನೀರಾಗುವುದಿಲ್ಲ. ಕಾದಷ್ಟೂ ಮೆತ್ತಗಾಗುತ್ತಾ ಹೋಗುತ್ತದೆ. ಬೆಲ್ಲದ ಗಟ್ಟಿ ಪಾಕ ಸುಮಾರು 150 ಡಿಗ್ರಿಗೆ ಸಿದ್ಧವಾದರೆ, ಗಾಜು ಊದುವವರ ಕುಲುಮೆ 1100 ಡಿಗ್ರಿಯ ಆಸುಪಾಸಿನಲ್ಲಿ ಉರಿಯುತ್ತದೆ. ಅಲ್ಲಿಂದ ಊದುಕೊಳವೆಯ ತುದಿಗೆ ಬರುವ ಗಾಜು ಜೋನಿ ಬೆಲ್ಲದ ಹಾಗೆ ಇಳಿಯುತ್ತಿರುತ್ತದೆ. ಕೊಳವೆ ತಿರುಗಿಸುವುದನ್ನು ನಿಲ್ಲಿಸಿದರೆ ಒಂದು ಕಡೆಗೆ ವಾಲುತ್ತದೆ.

ನಾನು ಮುಂಬಯಿಯ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ. ನನ್ನ ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ವಿಜಯಪುರದ ಕಡೆಯಿಂದ ಕೆಲಸ ಹುಡುಕಿ ಬಂದ ಮನೆಗಳವರು. ಇತ್ತೀಚೆಗೆ ಬೇರೆ ಶಾಲೆಗಳಲ್ಲೂ ಗಾಜಿನ ಶಿಲ್ಪದ ಪ್ರಾಜೆಕ್ಟ್ ಕೊಡುವುದು ಜಾಸ್ತಿಯಾಗಿದೆ. ಅದು ನನಗೆ ತುಂಬಾ ಖುಷಿ. ಆದರೆ ಹೆಚ್ಚಿನ ಕಡೆ ಫೋಟೋ ತೋರಿಸಿ, ಬಾಟಲಿಗೆ ಪೋಸ್ಟರ್ ಕಲರ್ ಬಳಿಸಿ, ಮಾರ್ಕು ಕೊಟ್ಟು ಮುಗಿಸುತ್ತಾರೆ. ಪೋಸ್ಟರ್ ಕಲರ್ ಬೆಳಕನ್ನು ತಡೆಯುತ್ತದೆ. ಬೆಳಕು ಹಾಯದಿದ್ದರೆ ಅದು ಗಾಜಿನ ಪಾಠ ಹೇಗಾಗುತ್ತದೆ? ಅಮ್ಮನ ಹಸಿರು ಬಳೆಯನ್ನು ಕಿಟಕಿಗೆ ಹಿಡಿದು ನೋಡಲು ಹೇಳಿ. ಅಂಗೈ ಮೇಲೆ ಹಸಿರು ಬೀಳುತ್ತದೆ, ಅಲ್ವಾ? ನಮಗೆ ಬೇಕಾದದ್ದು ಅದು.

ಈ ಪಾಠಕ್ಕೆ ನಾನು ಆರಿಸಿಕೊಂಡವರು ಅಮೆರಿಕದ ಗಾಜಿನ ಶಿಲ್ಪಿ ಡೇಲ್ ಚಿಹೂಲಿ. 1941ರಲ್ಲಿ ಹುಟ್ಟಿದವರು. 1968ರಲ್ಲಿ ಇಟಲಿಯ ವೆನಿಸ್ಸಿಗೆ ಹೋಗಿ, ಮುರಾನೋ ದ್ವೀಪದ ಕಾರ್ಖಾನೆಯಲ್ಲಿ ಗಾಜಿನವರು ಗುಂಪಾಗಿ ಕೆಲಸ ಮಾಡುವುದನ್ನು ಕಂಡರು. 1976ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತವಾಗಿ ಅವರ ಎಡಗಣ್ಣು ಹೋಯಿತು. ಮೂರು ವರ್ಷದ ಮೇಲೆ ಭುಜಕ್ಕೂ ಪೆಟ್ಟಾಯಿತು. ಅಲ್ಲಿಂದ ಮುಂದೆ ಅವರು ಚಿತ್ರ ಬರೆದು ತೋರಿಸುವುದು, ತಂಡ ಊದುವುದು. ಇದನ್ನು ಹೇಳಿದಾಗ ಕ್ಲಾಸು ಸದ್ದಿಲ್ಲದೆ ಕೇಳುತ್ತದೆ.

ಅವರ ಎರಡು ಕೆಲಸಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಮೊದಲನೆಯದು 1981ರಲ್ಲಿ ಶುರುಮಾಡಿದ 'ಮ್ಯಾಕಿಯಾ' ಬಟ್ಟಲುಗಳು. ಇಟಾಲಿಯನ್‌ನಲ್ಲಿ ಹಾಗೆಂದರೆ ಕಲೆ, ಚುಕ್ಕೆ. ಮೈತುಂಬ ಬಣ್ಣದ ಚುಕ್ಕೆ, ಅಲೆ ಅಲೆಯಾದ ಅಂಚು. ವಿದೇಶದ ಟೀಚರುಗಳು ಇದನ್ನು ಕಾಫಿ ಸೋಸುವ ಕಾಗದದಲ್ಲಿ ಮಾಡಿಸುತ್ತಾರೆ. ನಮ್ಮ ಮನೆಗಳಲ್ಲಿ ಅದೆಲ್ಲಿದೆ? ದಪ್ಪ ಟಿಶ್ಯೂ ಪೇಪರ್ ಸಾಕು. ಸ್ಕೆಚ್ ಪೆನ್ನಿನಲ್ಲಿ ಚುಕ್ಕೆ ಹಾಕಿ ಮೇಲೆ ನೀರು ಚಿಮುಕಿಸಿದರೆ ಬಣ್ಣ ತಾನೇ ಹರಡುತ್ತದೆ. ಆಮೇಲೆ ಗಂಜಿ. ಕಾಟನ್ ಸೀರೆಗೆ ಹಾಕುವ ಹಾಗೆಯೇ, ಆದರೆ ಮೈದಾದ್ದು, ಸ್ವಲ್ಪ ಮಂದ. ಸ್ಟೀಲ್ ಲೋಟ ಬೋರಲು ಹಾಕಿ, ಅಂಟದಿರಲಿ ಎಂದು ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಕಾಗದ ಹೊದಿಸಿ ಗಂಜಿಯನ್ನು ಮೆಲ್ಲಗೆ ಒತ್ತಬೇಕು, ಉಜ್ಜಬಾರದು. ಅರ್ಧ ಒಣಗಿದಾಗ ಅಂಚನ್ನು ಬೆರಳಿನಿಂದ ಚಿವುಟಿದರೆ ಅಲೆ ನಿಲ್ಲುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಈ ಕೆಲಸ ಬೇಡ. ಎರಡು ದಿನವಾದರೂ ಒಣಗುವುದಿಲ್ಲ, ಬೂಷ್ಟು ಬರುತ್ತದೆ. ನಾನು ನವರಾತ್ರಿ ಕಳೆದ ಮೇಲೆ ಇಟ್ಟುಕೊಳ್ಳುತ್ತೇನೆ. ಗಂಜಿಗೆ ಜಿರಳೆ ಬರುತ್ತದೆ, ಅದಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎತ್ತರದಲ್ಲಿ ಇಡಿ.

ಎರಡನೆಯದು ಗೊಂಚಲು ದೀಪದಂಥ ದೊಡ್ಡ ಶಿಲ್ಪ. 1998ರಲ್ಲಿ ಲಾಸ್ ವೇಗಸ್ಸಿನ ಒಂದು ಹೋಟೆಲಿನ ಚಾವಣಿಗೆ ಚಿಹೂಲಿ ತಂಡ ಸುಮಾರು 2000 ಗಾಜಿನ ಹೂವು ಕಟ್ಟಿತು. ನಾವು ತಂಪುಪಾನೀಯದ ಖಾಲಿ ಬಾಟಲಿಗಳಲ್ಲಿ ಮಾಡುತ್ತೇವೆ. ಇಲ್ಲಿ ಸ್ಕೆಚ್ ಪೆನ್ ಬೇಡ, ಒರೆಸಿದರೆ ಹೋಗುತ್ತದೆ. ಪರ್ಮನೆಂಟ್ ಮಾರ್ಕರ್ ಬೇಕು, ಕಿಟಕಿ ತೆರೆದಿರಬೇಕು. ಬಾಟಲಿಯನ್ನು ಬುಡದಿಂದ ಸುರುಳಿಯಾಗಿ ಕತ್ತರಿಸಿದ ಮೇಲೆ ಮಕ್ಕಳಿಗೆ ಅತಿ ಇಷ್ಟವಾದ ಭಾಗ ಬರುತ್ತದೆ. ಪಾತ್ರೆಯಲ್ಲಿ ಕುದಿಯುವ ನೀರು, ನನ್ನ ಕೈಯಲ್ಲಿ ಇಕ್ಕಳ. ಅದ್ದಿ ಎತ್ತುವಷ್ಟರಲ್ಲಿ ಪಟ್ಟಿ ಮುದುಡಿ ಸುತ್ತಿಕೊಳ್ಳುತ್ತದೆ. ಬಾಟಲಿಯ ಬಾಯಿ ಮಾತ್ರ ಅಷ್ಟಾಗಿ ಮುದುಡುವುದಿಲ್ಲ. ಯಾಕೆಂದರೆ ಪ್ಲಾಸ್ಟಿಕ್ ಬಾಟಲಿಯನ್ನೂ ಗಾಜಿನ ಹಾಗೆ ಊದಿಯೇ ಮಾಡುತ್ತಾರೆ. ದಪ್ಪ ಕೊಳವೆಯನ್ನು ಬಿಸಿ ಮಾಡಿ, ಅಚ್ಚಿನೊಳಗೆ ಗಾಳಿ ಊದಿ ಹಿಗ್ಗಿಸುತ್ತಾರೆ. ಹಿಗ್ಗಿದ ಮೈ ಮತ್ತೆ ಬಿಸಿ ತಾಗಿದರೆ ಕುಗ್ಗುತ್ತದೆ, ಹಿಗ್ಗಿಸದ ಬಾಯಿ ಹಾಗೇ ಉಳಿಯುತ್ತದೆ. ಪ್ಲಾಸ್ಟಿಕ್ ಲೋಟಗಳನ್ನು ಓವನ್ನಿನಲ್ಲಿ ಕರಗಿಸುವ ವಿಡಿಯೋಗಳು ತುಂಬಾ ಓಡಾಡುತ್ತಿವೆ. ದಯವಿಟ್ಟು ಮಾಡಬೇಡಿ, ಆ ಹೊಗೆ ಮಕ್ಕಳ ಎದೆಗೆ ಹೋಗುವುದು ಬೇಡ.

ಮೊದಲ ವರ್ಷ ನಾನೇ ತಪ್ಪು ಮಾಡಿದೆ. ಪ್ರತಿ ಮಗುವಿಗೂ ಬೇರೆ ಬೇರೆ ಮಾರ್ಕು ಕೊಟ್ಟು, ಕೊನೆಗೆ ಎಲ್ಲವನ್ನೂ ದಾರದಲ್ಲಿ ಪೋಣಿಸಿ ತೂಗುಹಾಕಿದೆ. ದಾರ ಜಾರಿ ರಾತ್ರಿಯೇ ಗೊಂಚಲು ನೆಲಕ್ಕೆ ಬಿದ್ದಿತ್ತು. ಮರುದಿನ ಮಕ್ಕಳ ಮುಖ ನೋಡಲಾಗಲಿಲ್ಲ. ಚಿಹೂಲಿಯವರ ಗೊಂಚಲಿನ ಒಳಗೆ ಉಕ್ಕಿನ ಚೌಕಟ್ಟು ಇರುತ್ತದೆ, ಒಂದೊಂದು ಗಾಜನ್ನೂ ಅದಕ್ಕೆ ತಂತಿಯಲ್ಲಿ ಬಿಗಿಯುತ್ತಾರೆ. ಅದು ಗೊತ್ತಿದ್ದೂ ನಾನು ಅದನ್ನು ಪಾಠದಲ್ಲಿ ಸೇರಿಸಿರಲಿಲ್ಲ.

ಮುಂದಿನ ವರ್ಷ ಹಳೆಯ ಸೈಕಲ್ ರಿಮ್ಮಿಗೆ ಕೋಳಿ ಜಾಲರಿ ಸುತ್ತಿ ಚೌಕಟ್ಟು ಮಾಡಿದೆವು. ಹುಡುಗಿಯೊಬ್ಬಳ ಅಪ್ಪ ಕಟ್ಟಡಗಳಲ್ಲಿ ಕಂಬಿ ಕಟ್ಟುವವರು. ರಜೆಯ ದಿನ ಬೈಂಡಿಂಗ್ ವೈರು, ತಮ್ಮ ಹುಕ್ಕು ಹಿಡಿದುಕೊಂಡು ಬಂದರು. ತಂತಿಯನ್ನು ಮಡಚಿ ಜೋಡಿ ಮಾಡಿ, ಓರೆಯಾಗಿ ಸುತ್ತಿ, ಮಡಿಕೆಗೆ ಹುಕ್ಕು ಸಿಕ್ಕಿಸಿ ಎರಡು ಸುತ್ತು ತಿರುವಿದರು. "ಜಾಸ್ತಿ ತಿರುವಬ್ಯಾಡ್ರಿ, ತಂತಿ ಹರೀತದ" ಎಂದು ಮಕ್ಕಳಿಗೂ 'ರೀ' ಹಚ್ಚಿಯೇ ಹೇಳಿದರು. ಒಂದು ಸುರುಳಿ ಈ ಕಡೆ ಕಟ್ಟಿದರೆ ಇನ್ನೊಂದು ಎದುರು ಕಡೆ ಕಟ್ಟಬೇಕು, ಇಲ್ಲದಿದ್ದರೆ ಗೊಂಚಲು ವಾಲುತ್ತದೆ ಎಂಬುದೂ ಅವರೇ ತೋರಿಸಿದ್ದು. ಆವತ್ತಿನಿಂದ ಈ ಪ್ರಾಜೆಕ್ಟಿಗೆ ಇಡೀ ಕ್ಲಾಸಿಗೆ ಒಂದೇ ಮಾರ್ಕು.

ಗೊಂಚಲನ್ನು ವರಾಂಡದಲ್ಲಿ, ಮಧ್ಯಾಹ್ನದ ಬಿಸಿಲು ಓರೆಯಾಗಿ ಬರುವ ಕಡೆ ತೂಗುಹಾಕುತ್ತೇವೆ. ಒಳಗೆ ಬಲ್ಬ್ ಇಲ್ಲ. ಮೂರು ಗಂಟೆಯ ಹೊತ್ತಿಗೆ ನೆಲದ ಮೇಲೆ ನೀಲಿ, ಕೆಂಪು ಬೀಳುತ್ತದೆ. ಒಂದನೇ ಕ್ಲಾಸಿನ ಮಕ್ಕಳು ಆ ಬಣ್ಣ ತುಳಿಯದೆ ಸುತ್ತಿಕೊಂಡು ಹೋಗುತ್ತಾರೆ. ಕಡಲ ಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ. ಅದಕ್ಕೇ ಬೇಸಿಗೆ ರಜೆಗೆ ಮುಂಚೆ ಬಿಚ್ಚಿ, ಸುರುಳಿಗಳನ್ನು ಮಕ್ಕಳಿಗೇ ಕೊಡುತ್ತೇವೆ. ತಾನು ಮಾಡಿದ್ದು ಯಾವುದೆಂದು ಆಗ ಯಾರಿಗೂ ಗುರುತು ಸಿಗುವುದಿಲ್ಲ. ಕೈಗೆ ಬಂದದ್ದನ್ನು ತೆಗೆದುಕೊಂಡು ಊರಿನ ರೈಲು ಹತ್ತುತ್ತಾರೆ.